ವಿದೇಶದ ಓದು, ಅಮೆರಿಕದ ಸಾಲ ಮತ್ತು ಪ್ರಗತಿಯ ಲೆಕ್ಕ

ಅಮೆರಿಕದ ಫೆಡರಲ್ ಸರ್ಕಾರ, ಅಂದರೆ ಅಲ್ಲಿನ ಕೇಂದ್ರ ಸರ್ಕಾರ, ಕೊಡುವ ಶಿಕ್ಷಣ ಸಾಲವು ಆ ದೇಶದ ಕಾಲೇಜುಗಳಿಗೆ ಮಾತ್ರ ಮೀಸಲಾದುದಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ಮತ್ತು ಸೇಂಟ್ ಆಂಡ್ರೂಸ್, ಐರ್ಲೆಂಡಿನ ಟ್ರಿನಿಟಿ ಕಾಲೇಜು, ಕೆನಡಾದ ಮೆಕ್‌ಗಿಲ್ ಮತ್ತು ಟೊರಾಂಟೊ ವಿಶ್ವವಿದ್ಯಾಲಯಗಳೂ ಸೇರಿದಂತೆ ಹೊರದೇಶಗಳ ನೂರಾರು ಸಂಸ್ಥೆಗಳು ಅಮೆರಿಕದ ಶಿಕ್ಷಣ ಇಲಾಖೆಯ ಅನುಮೋದನೆ ಪಡೆದಿದ್ದು, ಅಲ್ಲಿ ಪದವಿಗೆ ಸೇರಿದ ಅಮೆರಿಕನ್ ನಾಗರಿಕರೂ ಕಾಯಂ ವಾಸದ ಹಕ್ಕಾದ ಗ್ರೀನ್ ಕಾರ್ಡ್ ಹೊಂದಿದವರೂ ತಮ್ಮ ಸರ್ಕಾರದಿಂದ ‘ಡೈರೆಕ್ಟ್ ಲೋನ್’ ಎಂಬ ಸಾಲವನ್ನು ಪಡೆಯಬಹುದು. ಈ ಸಾಲ ಒಮ್ಮೆ ಮಂಜೂರಾದರೆ ಪದವಿ ಮುಗಿಯುವ ತನಕ ಕಂತು ಕಂತಾಗಿ ಬರುತ್ತಲೇ ಇರುತ್ತದೆಂಬ ನಂಬಿಕೆ ಮಾತ್ರ ಸರಿಯಲ್ಲ, ಏಕೆಂದರೆ ವಿದ್ಯಾರ್ಥಿಯ ಓದು ನಿಗದಿತ ಗತಿಯಲ್ಲಿ ಮುಂದುವರಿಯುತ್ತಿದೆಯೇ ಎಂಬ ಪರಿಶೀಲನೆಯಲ್ಲಿ ತೇರ್ಗಡೆಯಾದರೆ ಮಾತ್ರ ಮುಂದಿನ ಹಣ ಬಿಡುಗಡೆಯಾಗುತ್ತದೆ. ‘ಸ್ಯಾಟಿಸ್‌ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್’ ಅಥವಾ ಚಿಕ್ಕದಾಗಿ ‘ಸ್ಯಾಪ್’ ಎಂದು ಕರೆಯಲಾಗುವ, ಕನ್ನಡದಲ್ಲಿ ತೃಪ್ತಿಕರ ಶೈಕ್ಷಣಿಕ ಪ್ರಗತಿ ಎನ್ನಬಹುದಾದ ಈ ನಿಯಮವು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ನೇರವಾಗಿ ಸಂಬಂಧಿಸಿದ್ದು. ಅಲ್ಲೇ ಹುಟ್ಟಿ ಬೆಳೆದು ಈಗ ಬ್ರಿಟನ್ನಿಗೋ ಕೆರಿಬಿಯನ್ ದ್ವೀಪಗಳ ವೈದ್ಯಕೀಯ ಕಾಲೇಜುಗಳಿಗೋ ಹೊರಟಿರುವ ಮಕ್ಕಳ ತಂದೆತಾಯಂದಿರು ಬಡ್ಡಿಯ ದರವನ್ನು ವಿಚಾರಿಸುವಷ್ಟು ಆಸ್ಥೆಯಿಂದ ಇದನ್ನು ವಿಚಾರಿಸುವುದು ಅಪರೂಪ.

ನಿಯಮದ ಮೂಲವು ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ನವೆಂಬರ್ 8ರಂದು ಸಹಿ ಹಾಕಿದ ಉನ್ನತ ಶಿಕ್ಷಣ ಕಾಯ್ದೆಯಲ್ಲಿದೆ. ವಿದ್ಯಾರ್ಥಿ ನೆರವಿಗೆ ಸಂಬಂಧಿಸಿದ ಅದರ ನಾಲ್ಕನೆಯ ಅಧ್ಯಾಯಕ್ಕೆ 1976ರ ತಿದ್ದುಪಡಿಯು ‘ತೃಪ್ತಿಕರ ಪ್ರಗತಿ’ಯ ಷರತ್ತನ್ನು ಸೇರಿಸಿತು, 1986ರ ತಿದ್ದುಪಡಿಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎರಡು ವರ್ಷಕ್ಕಿಂತ ದೀರ್ಘವಾದ ಕೋರ್ಸಿನ ವಿದ್ಯಾರ್ಥಿಯು ಎರಡನೆಯ ವರ್ಷದ ಕೊನೆಗೆ ಸರಾಸರಿ ‘ಸಿ’ ಗ್ರೇಡನ್ನಾದರೂ ಅಥವಾ ತನ್ನ ಸಂಸ್ಥೆಯಲ್ಲಿ ಪದವಿ ಪಡೆಯಲು ತಕ್ಕುದಾದ ಸ್ಥಾನವನ್ನಾದರೂ ಹೊಂದಿರಬೇಕೆಂದು ವಿಧಿಸಿತು. ಈಗ ಜಾರಿಯಲ್ಲಿರುವ ವಿವರವಾದ ನಿಯಮಾವಳಿಯನ್ನು ಶಿಕ್ಷಣ ಇಲಾಖೆ 2010ರ ಅಕ್ಟೋಬರ್ 29ರಂದು ಪ್ರಕಟಿಸಿತು ಮತ್ತು ಅದು 2011ರ ಜುಲೈ 1ರಿಂದ ಜಾರಿಗೆ ಬಂತು. ಸಾರ್ವಜನಿಕರ ತೆರಿಗೆಯ ಹಣವು ಓದಿನ ಹೆಸರಿನಲ್ಲಿ ಹೋಗುತ್ತಿರುವಾಗ ಓದು ನಿಜವಾಗಿ ನಡೆಯುತ್ತಿದೆಯೇ ಎಂದು ಕೇಳುವುದು ಸರ್ಕಾರದ ಹಕ್ಕೂ ಹೌದು, ಕರ್ತವ್ಯವೂ ಹೌದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಮರ್ಥನೆಯೂ ಈ ನಿಯಮಕ್ಕಿದ್ದು, ಪದವಿ ಕೈಗೆ ಬರುವ ಸಂಭವವೇ ಇಲ್ಲದ ಹಾದಿಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ವರ್ಷದ ಮೇಲೆ ವರ್ಷ ಸಾಲ ಮಾಡುತ್ತಾ ಹೋಗದಂತೆ ಅದು ತಡೆಯುತ್ತದೆ.

ವಾಷಿಂಗ್ಟನ್ನಿನಲ್ಲಿ ರಚನೆಯಾದ ನಿಯಮವು ಒಂದು ಚೌಕಟ್ಟನ್ನು ಮಾತ್ರ ಕೊಡುತ್ತದೆ. ಅದರೊಳಗಿನ ನೀತಿಯನ್ನು ಪ್ರತಿಯೊಂದು ವಿಶ್ವವಿದ್ಯಾಲಯವೂ ತಾನೇ ಬರೆದುಕೊಳ್ಳಬೇಕು. ಹಾಗೆ ಬರೆದ ನೀತಿಯು ಸಾಲ ಪಡೆಯದ ವಿದ್ಯಾರ್ಥಿಗಳಿಗೆ ಅದೇ ಸಂಸ್ಥೆ ಅನ್ವಯಿಸುವ ಮಾನದಂಡಕ್ಕಿಂತ ಸಡಿಲವಾಗಿರಕೂಡದು, ಆದರೆ ಅದಕ್ಕಿಂತ ಬಿಗಿಯಾಗಿರಬಹುದು. ಹೀಗಾಗಿ ಎಡಿನ್‌ಬರೋದಲ್ಲಿ ಓದುವವರಿಗೆ ಅನ್ವಯಿಸುವ ಮಾತು ಡಬ್ಲಿನ್ನಿನಲ್ಲಿ ಓದುವವರಿಗೆ ಅಕ್ಷರಶಃ ಅನ್ವಯಿಸಲಾರದು, ಮತ್ತು ಬೇರೆ ಕಾಲೇಜಿನಲ್ಲಿರುವ ಗೆಳೆಯರ ಅನುಭವವನ್ನು ನಂಬಿ ನಡೆಯುವುದು ಅಪಾಯಕಾರಿ.

ಎಲ್ಲ ಸಂಸ್ಥೆಗಳ ನೀತಿಯಲ್ಲೂ ಇರಲೇಬೇಕಾದ ಅಳತೆಗಳು ಮೂರು. ಮೊದಲನೆಯದು ಗುಣಮಟ್ಟ, ಅಂದರೆ ಅಂಕ ಅಥವಾ ಗ್ರೇಡು. ಅಮೆರಿಕದ ಕಾಲೇಜುಗಳಲ್ಲಿ ಗ್ರೇಡುಗಳ ಸರಾಸರಿಯನ್ನು ನಾಲ್ಕು ಅಂಶಗಳ ಮಾಪಕದಲ್ಲಿ ಹೇಳುವ ರೂಢಿಯಿದೆ. ಬ್ರಿಟನ್ನಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಆ ರೂಢಿಯಿಲ್ಲ. ಅಲ್ಲಿ ಸ್ನಾತಕ ಪದವಿಗೆ ಸಾಮಾನ್ಯವಾಗಿ 40, ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ 50 ಅಂಕ ಬಂದರೆ ಉತ್ತೀರ್ಣ. ನಮ್ಮಲ್ಲಿ 60ರ ಆಸುಪಾಸಿನ ಅಂಕವನ್ನು ಸಾಧಾರಣವೆಂದು ನೋಡಿ ರೂಢಿಯಾದ ಕಣ್ಣಿಗೆ ಅಲ್ಲಿನ 60 ಒಳ್ಳೆಯ ದರ್ಜೆಯ ಅಂಕವೆಂಬುದು ಹೊಳೆಯುವುದು ನಿಧಾನ. ಅಮೆರಿಕದ ಕಾನೂನು ‘ಸಿ’ ಗ್ರೇಡಿನ ಜೊತೆಗೆ ‘ಪದವಿ ಪಡೆಯಲು ತಕ್ಕುದಾದ ಸ್ಥಾನ’ ಎಂಬ ಪರ್ಯಾಯವನ್ನೂ ಇಟ್ಟಿರುವುದರಿಂದ, ಒಂದು ವಿದೇಶಿ ವಿಶ್ವವಿದ್ಯಾಲಯವು ವಿದ್ಯಾರ್ಥಿಯನ್ನು ತನ್ನದೇ ನಿಯಮದಂತೆ ಮುಂದಿನ ವರ್ಷಕ್ಕೆ ತೇರ್ಗಡೆ ಮಾಡಿದೆಯೆಂಬುದನ್ನೇ ಗುಣಮಟ್ಟದ ಅಳತೆಯಾಗಿ ಇಟ್ಟುಕೊಳ್ಳಬಹುದು. ಪಿಎಚ್‌ಡಿಯಂಥ ಸಂಶೋಧನಾ ಪದವಿಯಲ್ಲಿ ಅಂಕಗಳೇ ಇಲ್ಲದಿರುವಾಗ ಮಾರ್ಗದರ್ಶಕರೂ ವಿಭಾಗದ ಸಮಿತಿಯೂ ನಡೆಸುವ ವಾರ್ಷಿಕ ಪರಿಶೀಲನೆಯ ವರದಿಯು ಆ ಜಾಗಕ್ಕೆ ಬರುತ್ತದೆ.

ಎರಡನೆಯ ಅಳತೆ ಗತಿ. ಬಹಳಷ್ಟು ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೋರ್ಸಿನ ಪ್ರತಿಯೊಂದು ವಿಷಯಕ್ಕೂ ಅದರ ಭಾರಕ್ಕೆ ತಕ್ಕಂತೆ ಇಷ್ಟು ಕ್ರೆಡಿಟ್ ಎಂಬ ಎಣಿಕೆಯಿರುತ್ತದೆ. ಇಂಗ್ಲೆಂಡಿನ ಪೂರ್ಣಾವಧಿ ಸ್ನಾತಕ ಪದವಿಯಲ್ಲಿ ವರ್ಷಕ್ಕೆ 120 ಕ್ರೆಡಿಟ್‌ಗಳಂತೆ ಮೂರು ವರ್ಷಕ್ಕೆ 360, ನಾಲ್ಕು ವರ್ಷದ ಸ್ಕಾಟ್ಲೆಂಡಿನ ಆನರ್ಸ್ ಪದವಿಯಲ್ಲಿ 480, ಯುರೋಪಿನ ಸಾಮಾನ್ಯ ಪದ್ಧತಿಯಲ್ಲಿ ವರ್ಷಕ್ಕೆ 60. ವಿದ್ಯಾರ್ಥಿಯು ಈವರೆಗೆ ಪಾಸು ಮಾಡಿದ ಒಟ್ಟು ಕ್ರೆಡಿಟ್‌ಗಳನ್ನು ಈವರೆಗೆ ಓದಲು ಹೆಸರು ನೋಂದಾಯಿಸಿದ ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಬರುವುದೇ ಗತಿ. ಈ ಪ್ರಮಾಣವು ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲಿಗಿಂತ ಕೆಳಗಿಳಿಯುವಂತಿಲ್ಲ. ಆ ಮೂರರಲ್ಲಿ ಎರಡು ಪಾಲು ಎಲ್ಲಿಂದ ಬಂತೆಂದರೆ ಮೂರನೆಯ ಅಳತೆಯಾದ ಗರಿಷ್ಠ ಕಾಲಾವಧಿಯಿಂದ: ಸ್ನಾತಕ ಪದವಿಯನ್ನು ಅದರ ಪ್ರಕಟಿತ ಅವಧಿಯ ಒಂದೂವರೆ ಪಟ್ಟಿನೊಳಗೆ, ಅಂದರೆ ಶೇಕಡ 150ರೊಳಗೆ ಮುಗಿಸಬೇಕೆಂಬುದು ಕಾನೂನು. 360 ಕ್ರೆಡಿಟ್‌ಗಳ ಪದವಿಗೆ 540 ಕ್ರೆಡಿಟ್‌ಗಳಿಗಿಂತ ಹೆಚ್ಚು ಪ್ರಯತ್ನ ಸಲ್ಲದು ಎಂದಾದಾಗ ಪ್ರತಿ ಹಂತದಲ್ಲೂ ಮೂರರಲ್ಲಿ ಎರಡು ಪಾಲು ಪಾಸಾಗುತ್ತಾ ಬಂದವರು ಮಾತ್ರ ಆ ಗಡಿಯೊಳಗೆ ಗುರಿ ಮುಟ್ಟಬಲ್ಲರು. ಸ್ನಾತಕೋತ್ತರ ಮತ್ತು ವೃತ್ತಿಪರ ಪದವಿಗಳಿಗೆ ಗರಿಷ್ಠ ಅವಧಿ ಎಷ್ಟೆಂಬುದನ್ನು ಕೋರ್ಸಿನ ಉದ್ದವನ್ನು ನೋಡಿ ಸಂಸ್ಥೆಯೇ ನಿರ್ಧರಿಸುತ್ತದೆ.

ಲೆಕ್ಕದ ಬಿಸಿ ತಿಳಿಯಬೇಕಾದರೆ ಒಂದು ಉದಾಹರಣೆ ಸಾಕು. ಇಂಗ್ಲೆಂಡಿನಲ್ಲಿ ಮೊದಲ ವರ್ಷ 120 ಕ್ರೆಡಿಟ್‌ಗಳಿಗೆ ನೋಂದಾಯಿಸಿ 60ರಲ್ಲಿ ಮಾತ್ರ ಪಾಸಾದ ವಿದ್ಯಾರ್ಥಿಯ ಗತಿ ಅರ್ಧಕ್ಕೆ ನಿಲ್ಲುತ್ತದೆ. ಎರಡನೆಯ ವರ್ಷ ಇನ್ನೂ 120ಕ್ಕೆ ನೋಂದಾಯಿಸಿದಾಗ ಒಟ್ಟು ಪ್ರಯತ್ನ 240 ಆಗುವುದರಿಂದ ಅದರ ಮೂರರಲ್ಲಿ ಎರಡು ಪಾಲಾದ 160ನ್ನು ಮುಟ್ಟಲು ಆ ವರ್ಷ 100 ಕ್ರೆಡಿಟ್‌ಗಳನ್ನು ಪಾಸು ಮಾಡಬೇಕು. 90 ಪಾಸು ಮಾಡಿ ಸಾಕಷ್ಟು ಸುಧಾರಿಸಿದರೂ ಒಟ್ಟು ಗತಿ ಶೇಕಡ 62.5ರಲ್ಲೇ ಉಳಿದು ಸಾಲದ ಅರ್ಹತೆ ದಕ್ಕುವುದಿಲ್ಲ. ಹಳೆಯ ವರ್ಷದ ಸೋಲು ಹೊಸ ವರ್ಷದ ಲೆಕ್ಕಕ್ಕೂ ಬರುತ್ತದೆ ಎಂಬುದೇ ಇಲ್ಲಿನ ಮರ್ಮ. ಮಧ್ಯದಲ್ಲಿ ಕೈಬಿಟ್ಟ ವಿಷಯ ಪಾಸಾಗದ ಪ್ರಯತ್ನವಾಗಿ ಎಣಿಕೆಗೆ ಸೇರುತ್ತದೆ. ಹೊಸ ವರ್ಷದಲ್ಲಿ ಮರುನೋಂದಣಿ ಮಾಡಿಸಿ ಓದಿದ ವಿಷಯ ಎರಡು ಪ್ರಯತ್ನಗಳಾಗಿ ಸೇರುತ್ತದೆ. ಸಾಲವನ್ನೇ ಪಡೆಯದೆ ಸ್ವಂತ ಹಣದಿಂದ ಓದಿದ ಅವಧಿಯೂ ಲೆಕ್ಕದಿಂದ ಹೊರಗುಳಿಯುವುದಿಲ್ಲ. ಬೇರೆ ಕಾಲೇಜಿನಿಂದ ವರ್ಗವಾಗಿ ಬಂದು ಈಗಿನ ಪದವಿಗೆ ಒಪ್ಪಿತವಾದ ಕ್ರೆಡಿಟ್‌ಗಳು ಪ್ರಯತ್ನ ಮತ್ತು ಪಾಸು ಎರಡರಲ್ಲೂ ಜಮೆಯಾಗುವುದು ಮಾತ್ರ ವಿದ್ಯಾರ್ಥಿಗೆ ಅನುಕೂಲವಾದ ಸಂಗತಿ. ಗರಿಷ್ಠ ಕಾಲಾವಧಿ ಪೂರ್ತಿ ಮುಗಿಯುವವರೆಗೆ ಕಾಯಬೇಕಾಗಿಯೂ ಇಲ್ಲ, ಉಳಿದ ಅವಕಾಶದೊಳಗೆ ಪದವಿ ಮುಗಿಸುವುದು ಲೆಕ್ಕದ ಪ್ರಕಾರ ಅಸಾಧ್ಯವೆಂದು ಕಂಡುಬಂದ ದಿನವೇ ಅರ್ಹತೆ ಹೋಗುತ್ತದೆ.

ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ‘ಇಯರ್ ಬ್ಯಾಕ್’ ಎಂಬ ಮಾತು ಚೆನ್ನಾಗಿ ಗೊತ್ತು. ಹಿಂದಿನ ವಿಷಯಗಳು ಹೆಚ್ಚು ಉಳಿದುಹೋದಾಗ ಮುಂದಿನ ವರ್ಷಕ್ಕೆ ಪ್ರವೇಶ ಸಿಗದ ಸ್ಥಿತಿ ಅದು. ಸ್ಯಾಪ್ ಅದಕ್ಕಿಂತ ಬೇರೆಯಾದ ಸಂಗತಿ. ವಿಶ್ವವಿದ್ಯಾಲಯವು ಒಬ್ಬ ವಿದ್ಯಾರ್ಥಿಗೆ ಓದು ಮುಂದುವರಿಸಲು ಅನುಮತಿ ಕೊಟ್ಟಿದ್ದರೂ ಅದೇ ವಿಶ್ವವಿದ್ಯಾಲಯದ ಸಾಲದ ಕಚೇರಿಯು ಹಣವನ್ನು ನಿಲ್ಲಿಸಬಹುದು, ಏಕೆಂದರೆ ಮೊದಲನೆಯದು ಅಧ್ಯಾಪಕ ಮಂಡಳಿಯ ತೀರ್ಮಾನ, ಎರಡನೆಯದು ಅಮೆರಿಕದ ಕಾನೂನಿನ ಲೆಕ್ಕ. ವಿಭಾಗದಿಂದ ಬಂದ ‘ಮುಂದುವರಿಯಬಹುದು’ ಎಂಬ ಪತ್ರವನ್ನು ನೋಡಿ ನಿಶ್ಚಿಂತರಾದವರು ಮನೆ ಬಾಡಿಗೆಯ ಮುಂಗಡ ಕೊಟ್ಟ ಮೇಲೆ ಸಾಲದ ಕಚೇರಿಯ ಇನ್ನೊಂದು ಪತ್ರವನ್ನು ಓದಬೇಕಾಗಿ ಬರುವುದು ಈ ಎರಡು ವ್ಯವಸ್ಥೆಗಳ ನಡುವಿನ ಅಂತರದಿಂದ.

ಬ್ರಿಟಿಷ್ ಮಾದರಿಯ ಪರೀಕ್ಷಾ ಪದ್ಧತಿಯು ಈ ಅಂತರವನ್ನು ಇನ್ನಷ್ಟು ಹಿಗ್ಗಿಸುತ್ತದೆ. ಅಮೆರಿಕದ ಸೆಮಿಸ್ಟರ್ ಪದ್ಧತಿಯಲ್ಲಿ ಕಿರುಪರೀಕ್ಷೆ, ಮನೆಗೆಲಸ, ಪ್ರಬಂಧಗಳ ಮೂಲಕ ಅಂಕಗಳು ಆಗಾಗ ಕೈಸೇರುವುದರಿಂದ ತಾನೆಲ್ಲಿದ್ದೇನೆಂಬುದು ವಿದ್ಯಾರ್ಥಿಗೆ ತಿಳಿಯುತ್ತಿರುತ್ತದೆ. ಬ್ರಿಟನ್ನಿನಲ್ಲಿ ಎಷ್ಟೋ ವಿಷಯಗಳ ಭವಿಷ್ಯ ವರ್ಷದ ಕೊನೆಗೆ, ಮೇ ತಿಂಗಳ ಹೊತ್ತಿಗೆ ಬರುವ ಪರೀಕ್ಷೆಯ ಮೇಲೆ ನಿಂತಿರುತ್ತದೆ. ಅಲ್ಲಿ ಸೋತವರಿಗೆ ಬೇಸಗೆಯ ಕೊನೆಯಲ್ಲಿ ಮರುಪರೀಕ್ಷೆಯಿದ್ದರೂ ಅದರಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಉತ್ತೀರ್ಣತೆಯ ಕನಿಷ್ಠ ಅಂಕವನ್ನಷ್ಟೇ ಕೊಡುವ ಪದ್ಧತಿ ಹಲವೆಡೆ ಇದೆ. ಮರುಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಹೊಸ ವರ್ಷದ ಬಾಗಿಲು ತೆರೆಯುತ್ತಿರುತ್ತದೆ, ಸಾಲದ ಕಚೇರಿಯು ಅಷ್ಟರೊಳಗೆ ಪ್ರಗತಿಯ ಲೆಕ್ಕ ಮುಗಿಸಬೇಕಾಗಿರುತ್ತದೆ. ತರಗತಿಗೆ ಹಾಜರಾಗದೆ ಮುಂದಿನ ವರ್ಷ ಪರೀಕ್ಷೆ ಮಾತ್ರ ಬರೆಯಿರಿ ಎಂದು ವಿಶ್ವವಿದ್ಯಾಲಯ ಹೇಳಿದರಂತೂ ತೊಂದರೆ ಇಮ್ಮಡಿಯಾಗುತ್ತದೆ. ಈ ಸಾಲ ಪಡೆಯಲು ಕನಿಷ್ಠ ಅರ್ಧಕಾಲಿಕ ನೋಂದಣಿಯಾದರೂ ಇರಬೇಕಾದ್ದರಿಂದ ಆ ವರ್ಷಕ್ಕೆ ಸಾಲವೂ ಇಲ್ಲ, ವೀಸಾಕ್ಕೆ ವಿಶ್ವವಿದ್ಯಾಲಯ ನೀಡುವ ಪ್ರಾಯೋಜನೆಯೂ ಸಾಮಾನ್ಯವಾಗಿ ಮುಂದುವರಿಯುವುದಿಲ್ಲ.

ಸಾಲವನ್ನು ಕಂತುಗಳಲ್ಲಿ ಬಿಡುಗಡೆ ಮಾಡುವ ಒಂದೊಂದು ಕಾಲಖಂಡಕ್ಕೂ ‘ಪಾವತಿ ಅವಧಿ’ ಎಂದು ಹೆಸರು. ಸಂಸ್ಥೆಯು ಪ್ರತಿ ಪಾವತಿ ಅವಧಿಯ ಕೊನೆಗೂ ಪ್ರಗತಿಯನ್ನು ಪರಿಶೀಲಿಸಬಹುದು, ಅಥವಾ ಒಂದು ಶೈಕ್ಷಣಿಕ ವರ್ಷಕ್ಕಿಂತ ದೀರ್ಘವಾದ ಕೋರ್ಸಾದರೆ ವರ್ಷಕ್ಕೊಮ್ಮೆ ಪರಿಶೀಲಿಸಬಹುದು. ಮೇಲ್ನೋಟಕ್ಕೆ ಕಚೇರಿಯ ಅನುಕೂಲದಂತೆ ಕಾಣುವ ಈ ಆಯ್ಕೆಯು ವಿದ್ಯಾರ್ಥಿಯ ಪಾಲಿಗೆ ಇಡೀ ನಿಯಮಾವಳಿಯಲ್ಲೇ ಅತಿ ದೊಡ್ಡ ವ್ಯತ್ಯಾಸವನ್ನು ಉಂಟುಮಾಡುತ್ತದೆ. ಪ್ರತಿ ಪಾವತಿ ಅವಧಿಗೂ ಪರಿಶೀಲಿಸುವ ಸಂಸ್ಥೆಯು ಮೊದಲ ಸಲ ಹಿಂದೆ ಬಿದ್ದ ವಿದ್ಯಾರ್ಥಿಯನ್ನು ‘ಎಚ್ಚರಿಕೆ’ಯ ಸ್ಥಿತಿಯಲ್ಲಿರಿಸಿ, ಯಾವ ಅರ್ಜಿಯನ್ನೂ ಕೇಳದೆ ಇನ್ನೊಂದು ಅವಧಿಯ ಸಾಲವನ್ನು ಕೊಡಬಹುದು. ವರ್ಷಕ್ಕೊಮ್ಮೆ ಪರಿಶೀಲಿಸುವ ಸಂಸ್ಥೆಗೆ ಆ ಅಧಿಕಾರವನ್ನು ಕಾನೂನು ಕೊಟ್ಟಿಲ್ಲ. ಅಲ್ಲಿ ಹಿಂದೆ ಬಿದ್ದವರ ಅರ್ಹತೆ ನೇರವಾಗಿ ರದ್ದಾಗುತ್ತದೆ ಮತ್ತು ಮೇಲ್ಮನವಿಯೊಂದೇ ದಾರಿಯಾಗಿ ಉಳಿಯುತ್ತದೆ. ಪರಕೀಯ ಪರೀಕ್ಷಾ ಪದ್ಧತಿಗೆ ಇನ್ನೂ ಹೊಂದಿಕೊಳ್ಳುತ್ತಿರುವ ಮೊದಲ ವರ್ಷದ ವಿದ್ಯಾರ್ಥಿಗೆ ಎಚ್ಚರಿಕೆಯ ಅವಧಿಯು ಔದಾರ್ಯದ ಮಾತಲ್ಲ, ಅಗತ್ಯದ ಮಾತು. ಆಡಳಿತದ ಕೆಲಸ ಹೆಚ್ಚಾದರೂ ಸರಿ, ವಿದೇಶಿ ವಿಶ್ವವಿದ್ಯಾಲಯಗಳು ಅವಧಿವಾರು ಪರಿಶೀಲನೆಯನ್ನೇ ಆರಿಸಿಕೊಳ್ಳುವುದು ನ್ಯಾಯ.

ಮೇಲ್ಮನವಿಗೆ ಅವಕಾಶ ಕೊಡಬೇಕೋ ಬೇಡವೋ ಎಂಬುದೂ ಸಂಸ್ಥೆಯ ನೀತಿಗೆ ಬಿಟ್ಟ ವಿಷಯವಾಗಿದ್ದು, ಅವಕಾಶವಿರುವಲ್ಲಿ ಅದರ ಆಧಾರಗಳನ್ನು ನಿಯಮಾವಳಿ ಸ್ಪಷ್ಟವಾಗಿ ಹೇಳಿದೆ: ಬಂಧುಗಳ ಸಾವು, ವಿದ್ಯಾರ್ಥಿಗೆ ಉಂಟಾದ ಗಾಯ ಅಥವಾ ಕಾಯಿಲೆ, ಅಥವಾ ಇಂಥದೇ ವಿಶೇಷ ಸಂದರ್ಭ. ಬರೆಯುವವರು ಉತ್ತರಿಸಬೇಕಾದ ಪ್ರಶ್ನೆಗಳು ಎರಡು. ಏಕೆ ಹಿಂದೆ ಬಿದ್ದಿರಿ ಎಂಬುದು ಒಂದು. ಮುಂದಿನ ಪರಿಶೀಲನೆಯ ಹೊತ್ತಿಗೆ ಸರಿಹೋಗುವಂತೆ ಈಗ ಏನು ಬದಲಾಗಿದೆ ಎಂಬುದು ಇನ್ನೊಂದು. ಮೊದಲ ಪ್ರಶ್ನೆಗೆ ಪುಟಗಟ್ಟಲೆ ಬರೆದು ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸುವ ಮನವಿಗಳು ದುರ್ಬಲವಾಗುತ್ತವೆ, ಏಕೆಂದರೆ ತೀರ್ಮಾನಿಸುವವರ ಕೈಯಲ್ಲಿರುವುದು ಕರುಣೆಯ ಅಧಿಕಾರವಲ್ಲ, ಮುಂದಿನ ಗತಿಯನ್ನು ಅಂದಾಜು ಮಾಡುವ ಅಧಿಕಾರ. ವೈದ್ಯರ ಪ್ರಮಾಣಪತ್ರ, ಚಿಕಿತ್ಸೆ ಮುಗಿದ ದಾಖಲೆ, ಅಧ್ಯಾಪಕರ ಪತ್ರ, ಉಳಿದ ವಿಷಯಗಳನ್ನು ಯಾವ ಅವಧಿಯಲ್ಲಿ ಮುಗಿಸಲಾಗುವುದೆಂಬ ವೇಳಾಪಟ್ಟಿ ಇವು ಆ ಅಂದಾಜಿಗೆ ನೆರವಾಗುತ್ತವೆ. ಭಾರತೀಯ ಕುಟುಂಬಗಳಲ್ಲಿ ಖಿನ್ನತೆ, ಆತಂಕಗಳಂಥ ಮಾನಸಿಕ ಕಾಯಿಲೆಗಳನ್ನು ದಾಖಲೆಯಲ್ಲಿ ಕಾಣಿಸಲು ಹಿಂಜರಿಕೆಯಿದೆ. ನಿಯಮವು ಕಾಯಿಲೆಗಳಲ್ಲಿ ಮೇಲುಕೀಳು ಮಾಡಿಲ್ಲವಾದ್ದರಿಂದ, ಊರುಬಿಟ್ಟು ಬಂದು ಒಂಟಿತನದಲ್ಲಿ ಕುಸಿದ ಮಗುವಿನ ನಿಜವಾದ ಕಾರಣವನ್ನು ಮುಚ್ಚಿಟ್ಟು ಬೇರೆ ನೆಪವನ್ನು ಬರೆಸುವುದು ಆ ಮಗುವಿಗೇ ಅನ್ಯಾಯ.

ಮನವಿ ಒಪ್ಪಿತವಾದರೆ ವಿದ್ಯಾರ್ಥಿಯು ಒಂದು ಪಾವತಿ ಅವಧಿಗೆ ‘ಪ್ರೊಬೇಷನ್’ ಸ್ಥಿತಿಗೆ ಬಂದು ಸಾಲ ಮತ್ತೆ ದೊರೆಯುತ್ತದೆ. ಒಂದೇ ಅವಧಿಯಲ್ಲಿ ಮಾನದಂಡವನ್ನು ಮುಟ್ಟಲು ಸಾಧ್ಯವಿಲ್ಲದವರಿಗೆ ಸಂಸ್ಥೆಯು ಓದಿನ ಯೋಜನೆಯೊಂದನ್ನು ಸಿದ್ಧಪಡಿಸಿ, ಅದನ್ನು ಪಾಲಿಸುತ್ತಿರುವವರೆಗೆ ಅರ್ಹತೆಯನ್ನು ಮುಂದುವರಿಸಬಹುದು. ಮನವಿ ತಿರಸ್ಕೃತವಾದರೆ ಸ್ವಂತ ಹಣದಿಂದ ಓದಿ, ಒಟ್ಟು ಲೆಕ್ಕವು ಮಾನದಂಡವನ್ನು ಮುಟ್ಟಿದ ಮೇಲೆ ಅರ್ಹತೆಯನ್ನು ಮರಳಿ ಪಡೆಯಬಹುದು. ಒಂದು ಸೆಮಿಸ್ಟರ್ ಸುಮ್ಮನೆ ಬಿಡುವು ತೆಗೆದುಕೊಂಡು ಬಂದರೆ ಲೆಕ್ಕದಲ್ಲಿ ಏನೂ ಬದಲಾಗದು. ಅರ್ಹತೆ ಹೋದ ಕೂಡಲೇ ಹಳೆಯ ಸಾಲದ ಮರುಪಾವತಿ ಶುರುವಾಗುತ್ತದೆಂಬ ಭಯವೂ ಕೆಲವರಲ್ಲಿದೆ. ಮರುಪಾವತಿಯ ಗಡಿಯಾರವು ಸ್ಯಾಪ್‌ನೊಂದಿಗೆ ಜೋಡಣೆಯಾಗಿಲ್ಲ. ವಿದ್ಯಾರ್ಥಿಯ ನೋಂದಣಿ ಅರ್ಧಕಾಲಿಕ ಮಟ್ಟಕ್ಕಿಂತ ಕೆಳಗಿಳಿದಾಗ ಅಥವಾ ಓದು ನಿಂತಾಗ ಆರು ತಿಂಗಳ ವಿನಾಯಿತಿ ಅವಧಿ ಆರಂಭವಾಗಿ ಅದರ ನಂತರ ಕಂತು ಬರುತ್ತದೆ.

ಕಾಲದ ಲೆಕ್ಕಕ್ಕೂ ಹಣದ ಲೆಕ್ಕಕ್ಕೂ ತಾಳೆಯಾಗದಿರುವುದು ಈ ವ್ಯವಸ್ಥೆಯಲ್ಲಿ ಯಾರೂ ಗಟ್ಟಿಯಾಗಿ ಹೇಳದ ಸಂಗತಿ. ತಂದೆತಾಯಿಗಳ ಆಶ್ರಯದಲ್ಲಿರುವ ಸ್ನಾತಕ ವಿದ್ಯಾರ್ಥಿಗೆ ಮೊದಲ ವರ್ಷ 5,500, ಎರಡನೆಯ ವರ್ಷ 6,500, ಅಲ್ಲಿಂದ ಮುಂದೆ ವರ್ಷಕ್ಕೆ 7,500 ಡಾಲರ್‌ವರೆಗೆ ಸಾಲ ಸಿಗುತ್ತದೆ ಮತ್ತು ಒಟ್ಟು ಮಿತಿ 31,000 ಡಾಲರ್. ಕ್ರಮವಾಗಿ ತೇರ್ಗಡೆಯಾಗುತ್ತಾ ಹೋದವರು ನಾಲ್ಕು ವರ್ಷಗಳಲ್ಲಿ 27,000 ಡಾಲರ್ ಪಡೆದಿರುತ್ತಾರಾದ್ದರಿಂದ ಐದನೆಯ ವರ್ಷಕ್ಕೆ ಉಳಿಯುವುದು 4,000 ಮಾತ್ರ, ಆರನೆಯ ವರ್ಷಕ್ಕೆ ಏನೂ ಇಲ್ಲ. ನಾಲ್ಕು ವರ್ಷದ ಪದವಿಗೆ ಆರು ವರ್ಷದ ಕಾಲಾವಕಾಶ ಕೊಟ್ಟ ಕಾನೂನು ಆರು ವರ್ಷದ ಹಣವನ್ನು ಕೊಟ್ಟಿಲ್ಲ. ಮೊದಲ ವರ್ಷವನ್ನು ಮರುಓದುವವರಿಗೆ ಮೊದಲ ವರ್ಷದ ಕಡಿಮೆ ಮಿತಿಯೇ ಮತ್ತೆ ಅನ್ವಯಿಸುತ್ತದೆ ಎಂಬುದೂ ಇದರ ಜೊತೆಗೆ ಸೇರಿಕೊಳ್ಳುತ್ತದೆ.

2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನು ಈ ಬಿಗಿಯನ್ನು ಇನ್ನೂ ಹೆಚ್ಚಿಸಿದೆ. ಓದಿನ ಪೂರ್ತಿ ವೆಚ್ಚದವರೆಗೆ ಸಾಲ ಕೊಡುತ್ತಿದ್ದ ‘ಗ್ರಾಡ್ ಪ್ಲಸ್’ ಯೋಜನೆಯು 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಇಲ್ಲವಾಗುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವರ್ಷಕ್ಕೆ 20,500 ಮತ್ತು ಒಟ್ಟು 1,00,000 ಡಾಲರ್, ವೈದ್ಯಕೀಯದಂಥ ವೃತ್ತಿಪರ ಪದವಿಗಳಿಗೆ ವರ್ಷಕ್ಕೆ 50,000 ಮತ್ತು ಒಟ್ಟು 2,00,000 ಡಾಲರ್ ಎಂಬ ಮಿತಿ ಬಂದಿದೆ. ಮಕ್ಕಳ ಸ್ನಾತಕ ಓದಿಗಾಗಿ ತಂದೆತಾಯಿಗಳು ಪಡೆಯುವ ಸಾಲಕ್ಕೂ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್‌ಗಳ ಗಡಿ ಹಾಕಲಾಗಿದೆ. ನಾಲ್ಕು ವರ್ಷದ ವೈದ್ಯಕೀಯ ಪದವಿಯಲ್ಲಿ ಪ್ರತಿ ವರ್ಷವೂ ಪೂರ್ತಿ ಸಾಲ ಪಡೆದ ಹೊಸ ವಿದ್ಯಾರ್ಥಿಯ ಮಿತಿ ನಾಲ್ಕನೆಯ ವರ್ಷಕ್ಕೆ ಸರಿಯಾಗಿ ಮುಗಿದುಹೋಗುವುದರಿಂದ, ನಡುವೆ ಒಂದು ವರ್ಷ ಸೋತರೆ ಮೇಲ್ಮನವಿಯಲ್ಲಿ ಗೆದ್ದರೂ ಕೊನೆಯ ವರ್ಷಕ್ಕೆ ಫೆಡರಲ್ ಸಾಲವೇ ಉಳಿದಿರುವುದಿಲ್ಲ.

ಕೆರಿಬಿಯನ್ ದ್ವೀಪಗಳ ವೈದ್ಯಕೀಯ ಕಾಲೇಜುಗಳ ವಿಷಯದಲ್ಲಿ ಇದು ಬರಿಯ ಲೆಕ್ಕದ ಮಾತಾಗಿ ಉಳಿಯುವುದಿಲ್ಲ. ಗ್ರೆನಡಾದ ಸೇಂಟ್ ಜಾರ್ಜ್ಸ್, ಮರಿಯಾ ಚಂಡಮಾರುತದ ನಂತರ ಡೊಮಿನಿಕಾದಿಂದ ಬಾರ್ಬಡೋಸಿಗೆ ಸ್ಥಳಾಂತರಗೊಂಡ ರಾಸ್, ಮಣಿಪಾಲ ಶಿಕ್ಷಣ ಸಮೂಹದ ನಂಟಿನಿಂದ ಕರ್ನಾಟಕಕ್ಕೂ ಪರಿಚಿತವಾಗಿರುವ ಆಂಟಿಗುವಾದ ಅಮೆರಿಕನ್ ವಿಶ್ವವಿದ್ಯಾಲಯ, ಇಂಥವುಗಳಲ್ಲಿ ಮೊದಲ ಭಾಗದ ಓದು ದ್ವೀಪದಲ್ಲಿಯೂ ಆಸ್ಪತ್ರೆಯ ತರಬೇತಿ ಬಹುಪಾಲು ಅಮೆರಿಕದಲ್ಲಿಯೂ ನಡೆಯುತ್ತದೆ. ಎರಡರ ನಡುವೆ ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯ ಮೊದಲ ಹಂತವಿದ್ದು, ಅದನ್ನು ದಾಟದೆ ಆಸ್ಪತ್ರೆಯ ತರಬೇತಿಗೆ ಹೋಗುವಂತಿಲ್ಲ. ಪರೀಕ್ಷೆಗೆ ಸಿದ್ಧರಾಗುವ ತಿಂಗಳುಗಳು ನೋಂದಣಿಯಲ್ಲಿ ಹೇಗೆ ದಾಖಲಾಗುತ್ತವೆ ಎಂಬುದರ ಮೇಲೆ ಸಾಲವೂ ಗತಿಯೂ ನಿಂತಿರುತ್ತವೆ. ಇಲ್ಲಿ ಪ್ರಗತಿಯ ಪರೀಕ್ಷೆ ಕಾಲೇಜಿಗೂ ಉಂಟು. ವಿದೇಶಿ ವೈದ್ಯಕೀಯ ಕಾಲೇಜಿನಿಂದ ಪರವಾನಗಿ ಪರೀಕ್ಷೆ ಬರೆದವರಲ್ಲಿ ಕನಿಷ್ಠ ಶೇಕಡ 75 ಮಂದಿ ತೇರ್ಗಡೆಯಾಗಬೇಕೆಂಬ ನಿಯಮವಿದ್ದು (ಹಿಂದೆ ಇದು ಶೇಕಡ 60 ಇತ್ತು), ಇದನ್ನು ಪಾಲಿಸಬೇಕಾದ ಕಾಲೇಜು ವಿಫಲವಾದರೆ ಇಡೀ ಸಂಸ್ಥೆಯೇ ಸಾಲ ಯೋಜನೆಯಿಂದ ಹೊರಬೀಳಬಹುದು. ಆದ್ದರಿಂದ ಸೇರುವ ಮೊದಲು ಕಾಲೇಜಿನ ಫಲಿತಾಂಶವನ್ನು ವಿಚಾರಿಸುವುದು ಪ್ರತಿಷ್ಠೆಯ ಪ್ರಶ್ನೆಯಾಗಿರದೆ ಸಾಲದ ಭದ್ರತೆಯ ಪ್ರಶ್ನೆಯಾಗಿದೆ.

ಓದನ್ನು ನಡುವೆ ನಿಲ್ಲಿಸುವವರಿಗೆ ಇನ್ನೊಂದು ಲೆಕ್ಕ ಎದುರಾಗುತ್ತದೆ. ಪಾವತಿ ಅವಧಿಯ ಶೇಕಡ 60 ಭಾಗ ಮುಗಿಯುವ ಮೊದಲು ಸಂಪೂರ್ಣವಾಗಿ ಹೊರಬಂದರೆ, ಓದಿದ ದಿನಗಳಿಗೆ ತಕ್ಕಷ್ಟು ಸಾಲವನ್ನು ಮಾತ್ರ ‘ಗಳಿಸಿದ’ ಹಣವೆಂದು ಪರಿಗಣಿಸಿ ಉಳಿದುದನ್ನು ನಿಯಮದಂತೆ ಹಿಂದಿರುಗಿಸಬೇಕು. ವಿಶ್ವವಿದ್ಯಾಲಯವು ತನ್ನ ಪಾಲನ್ನು ಅಮೆರಿಕದ ಸರ್ಕಾರಕ್ಕೆ ಮರಳಿಸಿ, ಅದರಿಂದ ಬಾಕಿಯಾದ ಶುಲ್ಕವನ್ನು ವಿದ್ಯಾರ್ಥಿಯಿಂದ ಕೇಳಬಹುದು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 27ರಂದು ಜಾರಿಯಾದ ಪರಿಹಾರ ಕಾನೂನು ಸಾಂಕ್ರಾಮಿಕದ ಕಾರಣದಿಂದ ಪೂರ್ಣಗೊಳ್ಳದ ಕ್ರೆಡಿಟ್‌ಗಳನ್ನು ಗತಿಯ ಲೆಕ್ಕದಿಂದ ಕೈಬಿಡಲು ಸಂಸ್ಥೆಗಳಿಗೆ ಅವಕಾಶ ಕೊಟ್ಟಿತ್ತು. ಅಂಥ ದೊಡ್ಡ ವಿಪತ್ತು ಬಂದಾಗ ಮಾತ್ರ ಅಳತೆಗೋಲು ಬಾಗಿದ್ದನ್ನು ನೋಡಿದರೆ ಸಾಮಾನ್ಯ ದಿನಗಳಲ್ಲಿ ಅದು ಎಷ್ಟು ಗಟ್ಟಿಯೆಂಬುದು ತಿಳಿಯುತ್ತದೆ. ಅಮೆರಿಕದ ಕಾಲೇಜಿನಲ್ಲೇ ಪದವಿ ಓದುತ್ತಾ ಒಂದು ಸೆಮಿಸ್ಟರ್ ಮಾತ್ರ ಹೊರದೇಶಕ್ಕೆ ಹೋಗುವವರ ಪ್ರಗತಿಯನ್ನು ಅವರ ಮೂಲ ಕಾಲೇಜೇ ನೋಡಿಕೊಳ್ಳುವುದರಿಂದ, ಹೊರಗೆ ಓದಿದ ವಿಷಯಗಳು ಮೂಲ ಪದವಿಗೆ ಸಲ್ಲುತ್ತವೆಂಬ ಲಿಖಿತ ಒಪ್ಪಿಗೆಯನ್ನು ಹೊರಡುವ ಮುನ್ನವೇ ಪಡೆದಿರುವುದು ಒಳಿತು.

ಇಂಥ ಷರತ್ತು ಅಮೆರಿಕದ್ದೊಂದೇ ಅಲ್ಲ, ಆದರೆ ಬೇರೆ ದೇಶಗಳು ಅದನ್ನು ಬೇರೆ ರೀತಿಯಲ್ಲಿ ಹೆಣೆದಿವೆ. ಜರ್ಮನಿಯ ‘ಬಾಫೋಗ್’ ನೆರವು ಸಾಮಾನ್ಯವಾಗಿ ನಾಲ್ಕನೆಯ ಸೆಮಿಸ್ಟರಿನ ಹೊತ್ತಿಗೆ ಓದಿನ ಸಾಧನೆಯ ಪ್ರಮಾಣಪತ್ರವನ್ನು ಕೇಳುತ್ತದೆ. ಇಂಗ್ಲೆಂಡಿನ ಸ್ವಂತ ವಿದ್ಯಾರ್ಥಿಗಳ ಶುಲ್ಕ ಸಾಲದಲ್ಲಿ ಕೋರ್ಸಿನ ಅವಧಿಗೆ ಒಂದು ವರ್ಷವನ್ನು ಸೇರಿಸಿ, ಹಿಂದೆ ಓದಿದ ವರ್ಷಗಳನ್ನು ಕಳೆಯುವ ಸರಳ ಸೂತ್ರ ಬಹುಕಾಲದಿಂದ ನಡೆದುಬಂದಿದೆ. ನಾರ್ವೆಯ ಪದ್ಧತಿ ಇವೆಲ್ಲಕ್ಕಿಂತ ಉದಾರವಾದುದು. ಅಲ್ಲಿ ಹಣವನ್ನೆಲ್ಲ ಮೊದಲು ಸಾಲವಾಗಿ ಕೊಟ್ಟು, ತಂದೆತಾಯಿಗಳಿಂದ ಬೇರೆಯಾಗಿ ವಾಸಿಸುವ ವಿದ್ಯಾರ್ಥಿಯು ಪಾಸು ಮಾಡಿದ ಕ್ರೆಡಿಟ್‌ಗಳಿಗೂ ಮುಗಿಸಿದ ಪದವಿಗೂ ಅನುಗುಣವಾಗಿ ಶೇಕಡ 40ರವರೆಗಿನ ಭಾಗವನ್ನು ಮರಳಿಸಬೇಕಿಲ್ಲದ ವಿದ್ಯಾರ್ಥಿವೇತನವಾಗಿ ಪರಿವರ್ತಿಸಲಾಗುತ್ತದೆ. ಹಿಂದೆ ಬಿದ್ದವರಿಗೆ ಹಣ ನಿಲ್ಲಿಸುವ ಬದಲು ಮುಂದೆ ಸಾಗಿದವರ ಸಾಲವನ್ನು ಇಳಿಸುವ ಈ ಮಾರ್ಗವು ವಿದ್ಯಾರ್ಥಿಯ ಮೇಲೆ ಹೆಚ್ಚು ನಂಬಿಕೆಯಿಟ್ಟದ್ದು.

ಕರ್ನಾಟಕದಿಂದ ನೇರವಾಗಿ ವಿದೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಅಮೆರಿಕದ ಫೆಡರಲ್ ಸಾಲ ಸಿಗುವುದಿಲ್ಲ, ಅವರು ಇಲ್ಲಿನ ಬ್ಯಾಂಕುಗಳನ್ನೇ ಅವಲಂಬಿಸಬೇಕು. ಭಾರತೀಯ ಬ್ಯಾಂಕುಗಳ ಸಂಘವು ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ಏಳೂವರೆ ಲಕ್ಷ ರೂಪಾಯಿಗಿಂತ ಹೆಚ್ಚಿನ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಬೇಕಾಗುತ್ತದೆ, ಹಣ ಕಂತುಗಳಲ್ಲಿ ಹೋಗುತ್ತದೆ, ವಿದ್ಯಾರ್ಥಿಯ ಪ್ರಗತಿಯ ವರದಿಯನ್ನು ಬ್ಯಾಂಕು ಆಗಾಗ ತರಿಸಿಕೊಳ್ಳಬೇಕೆಂಬ ಮಾತೂ ಅದರಲ್ಲಿದೆ. ಅಂಕಪಟ್ಟಿ ತೋರಿಸದಿದ್ದರೆ ಮುಂದಿನ ಕಂತು ತಡೆಯಾಗುವುದು ಬ್ಯಾಂಕಿನ ಬಾಗಿಲು ಕಂಡ ಕುಟುಂಬಗಳಿಗೆ ಹೊಸದಲ್ಲ. ಆದರೆ ಎಷ್ಟು ಕ್ರೆಡಿಟ್ ಪಾಸಾಗಿರಬೇಕು, ಕಾಯಿಲೆ ಬಿದ್ದವರು ಯಾರಿಗೆ ಮನವಿ ಸಲ್ಲಿಸಬೇಕು, ಎಷ್ಟು ಕಾಲ ಹೆಚ್ಚುವರಿಯಾಗಿ ಸಿಗುತ್ತದೆ ಎಂಬುದನ್ನು ಸಾಲಗಾರರು ಮೊದಲೇ ಓದಿ ತಿಳಿಯುವಂತೆ ಪ್ರಕಟಿಸುವ ಅಮೆರಿಕದಂಥ ಪದ್ಧತಿ ಇಲ್ಲಿ ಬೆಳೆದಿಲ್ಲ. ಶಾಖೆಯ ಅಧಿಕಾರಿಯ ವಿವೇಚನೆಯೇ ದೊಡ್ಡದಾಗುತ್ತದೆ. ಮನೆಯನ್ನೋ ಹೊಲವನ್ನೋ ಅಡವಿಟ್ಟ ಕುಟುಂಬಕ್ಕೆ ಆ ಮಟ್ಟಿಗಿನ ಸ್ಪಷ್ಟತೆಯನ್ನು ಬ್ಯಾಂಕುಗಳು ಬರಹದಲ್ಲಿ ಕೊಡಬೇಕು. ಅಮೆರಿಕಕ್ಕೆ ಎಫ್-1 ವೀಸಾದಲ್ಲಿ ಹೋದವರಿಗಂತೂ ಪ್ರತಿ ಅವಧಿಯಲ್ಲೂ ಪೂರ್ಣಾವಧಿ ನೋಂದಣಿ, ಅಂದರೆ ಸ್ನಾತಕ ಮಟ್ಟದಲ್ಲಿ ಸಾಮಾನ್ಯವಾಗಿ 12 ಕ್ರೆಡಿಟ್, ಕಡ್ಡಾಯವಾಗಿದ್ದು, ಅನುಮತಿಯಿಲ್ಲದೆ ವಿಷಯ ಕೈಬಿಟ್ಟರೆ ಸಾಲಕ್ಕಿಂತ ಮೊದಲು ವೀಸಾಕ್ಕೇ ಕುತ್ತು ಬರುತ್ತದೆ.

ಪ್ರಗತಿಯ ಪರಿಶೀಲನೆಯಿಂದ ಅರ್ಹತೆಗೆ ಧಕ್ಕೆಯಾದರೆ ಅದನ್ನು ವಿದ್ಯಾರ್ಥಿಗೆ ತಿಳಿಸಬೇಕಾದ ಹೊಣೆಯನ್ನು ಅಮೆರಿಕದ ನಿಯಮಾವಳಿ ಸಂಸ್ಥೆಯ ಮೇಲೆ ಹೊರಿಸಿದೆ. ಆದರೆ ಆ ತಿಳಿವಳಿಕೆ ಪತ್ರ ಬರುವುದು ಧಕ್ಕೆಯಾದ ಮೇಲೆ. ಅದಕ್ಕೂ ಮೊದಲೇ, ಮೊದಲ ಕಂತಿಗೆ ಸಹಿ ಹಾಕುವ ಮುನ್ನ, ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಸೇರಲಿರುವ ವಿಶ್ವವಿದ್ಯಾಲಯದ ಸ್ಯಾಪ್ ನೀತಿಯ ಪ್ರತಿಯನ್ನು ತರಿಸಿಕೊಂಡು, ಪರಿಶೀಲನೆ ವರ್ಷಕ್ಕೊಮ್ಮೆಯೋ ಅವಧಿಗೊಮ್ಮೆಯೋ, ಬೇಸಗೆಯ ಮರುಪರೀಕ್ಷೆ ಹೇಗೆ ಎಣಿಕೆಯಾಗುತ್ತದೆ, ಮೇಲ್ಮನವಿಗೆ ಅವಕಾಶವಿದೆಯೇ ಮತ್ತು ಅದಕ್ಕೆ ಎಷ್ಟು ದಿನಗಳ ಗಡುವು ಎಂಬುದನ್ನು ಸಾಲದ ಕಚೇರಿಯಿಂದ ಬರಹದಲ್ಲಿ ಕೇಳಿ ಪಡೆದುಕೊಳ್ಳಬೇಕು.